ಮರೆವು ಕಂಡರೆ ಸಾಕು, ‘ಎಲ್ಲಾ ಗರ್ದ್‌ನಿಂದ’ ಅನ್ನುತ್ತೀರಲ್ಲ!

ಪ್ರಶ್ನೆ: ತಮ್ಮನಿಗೆ 39 ವರ್ಷ. ಎಚ್‌ಐವಿ ಇದೆ, ಅದಕ್ಕೆ ಎಆರ್‌ಟಿ (ವೈರಸ್ ಹತ್ತಿಕ್ಕುವ ಮಾತ್ರೆ) ನಡೆಯುತ್ತಿದೆ. ಮೊದಲು ಗರ್ದ್ (ಬ್ರೌನ್ ಶುಗರ್, ಅಂದರೆ ಹೆರಾಯಿನ್) ಚುಚ್ಚಿಕೊಳ್ಳುತ್ತಿದ್ದ. ಈಗ ದಿನಾ ನಶೆ ಬಿಡಿಸುವ ಸೆಂಟರಿನಲ್ಲಿ ನಾಲಗೆ ಕೆಳಗೆ ಮಾತ್ರೆ ಇಡುತ್ತಾರೆ. ಹೋಟೆಲಿನ ಗಲ್ಲಾದಲ್ಲಿ ಕೂತರೆ ಚಿಲ್ಲರೆ ಲೆಕ್ಕ ತಪ್ಪುತ್ತಾನೆ, ಎಆರ್‌ಟಿ ಮಾತ್ರೆ ಮರೆಯುತ್ತಾನೆ. ನಶೆಯಿಂದ ತಲೆ ಕೆಟ್ಟಿದೆ ಅಂತಾರೆ ಎಲ್ಲರೂ. ಹೌದಾ? (ಡೊಂಬಿವಲಿ)

ಉತ್ತರ: ಆ ‘ಎಲ್ಲರಲ್ಲಿ’ ಒಬ್ಬರಾದರೂ ನಿಮ್ಮ ತಮ್ಮನ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ) ರಿಪೋರ್ಟ್ ನೋಡಿದ್ದಾರಾ? ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ, ನನಗೂ ಸಾಕಾಗಿದೆ.

ಸೋಂಕು ತಗುಲಿದ ಮೊದಲ ವಾರಗಳಲ್ಲೇ ವೈರಸ್ ಮೆದುಳಿಗೂ ಹೋಗುತ್ತದೆ. ಮಾತ್ರೆಯಿಂದ ರಕ್ತದಲ್ಲಿ ಅದು ಕಾಣದಷ್ಟು ಇಳಿದರೂ ಕೆಲವರಿಗೆ ಯೋಚನೆ ನಿಧಾನವಾಗುತ್ತದೆ, ಗಮನ ನಿಲ್ಲುವುದಿಲ್ಲ. ಗರ್ದ್‌ನದೂ ಪಾಲಿರಬಹುದು. ಓವರ್‌ಡೋಸ್ ಆಗಿ ಉಸಿರು ಕಟ್ಟಿದ್ದರೆ ಮೆದುಳಿಗೆ ಬಿದ್ದ ಪೆಟ್ಟು ಬೇರೆ. ಆದರೆ ಸೂಜಿ ಹಂಚಿಕೊಂಡವರಿಗೆ ಹೆಪಟೈಟಿಸ್ ಸಿ ಬಂದಿರಬಹುದು, ಅದೂ ತಲೆ ಮಂಕು ಮಾಡುತ್ತದೆ. ಸಿಫಿಲಿಸ್, ಬಿ12 ಕೊರತೆ, ಥೈರಾಯ್ಡ್, ಕುಡಿತ, ಖಿನ್ನತೆ ಎಲ್ಲಾ ನೋಡಬೇಕು. ಇವುಗಳಿಗೆ ಚಿಕಿತ್ಸೆ ಇದೆ. ನಶೆ ಅಂತ ಕೈತೊಳೆದುಕೊಂಡರೆ ಯಾರೂ ಹುಡುಕುವುದೇ ಇಲ್ಲ.

ಎಚ್‌ಐವಿ ಇರುವವರ ನೆನಪು, ಚುರುಕು ನೋಡಲು ಒಂದು ಸಣ್ಣ ಪರೀಕ್ಷೆ ಇದೆ: ನಾನು ಮೊದಲು ನಾಲ್ಕು ಪದ ಹೇಳಿಕೊಡುತ್ತೇನೆ. ಆಮೇಲೆ ಹೆಬ್ಬೆರಳು, ತೋರುಬೆರಳು ಅಗಲಿಸಿ ಐದು ಸೆಕೆಂಡು ಪಟಪಟ ತಟ್ಟಿ ಅನ್ನುತ್ತೇನೆ. ಮುಷ್ಟಿ, ಅಂಗೈ, ಕೈಯ ಅಂಚು, ಹೀಗೆ ಸಾಲಾಗಿ ಮೇಜಿನ ಮೇಲೆ ಇಡಿಸುತ್ತೇನೆ. ಕೊನೆಗೆ ಆ ನಾಲ್ಕು ಪದ ಕೇಳುತ್ತೇನೆ. ಒಟ್ಟು 12 ಅಂಕಕ್ಕೆ 10 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮುಂದಿನ ತಪಾಸಣೆ ಬೇಕು, ಅಷ್ಟೇ. ಇದರಿಂದಲೇ ಕಾಯಿಲೆ ಅಂತ ತೀರ್ಮಾನ ಮಾಡುವಂತಿಲ್ಲ. ನಶೆಯಲ್ಲಿರುವಾಗ, ಇಲ್ಲವೇ ನಶೆ ಸಿಗದೆ ಮೈಕೈ ನೋಯುವಾಗ ಮಾಡಿಸಿದರೆ ಸುಮ್ನೆ ದಂಡ.

ಜ್ವರ, ತಲೆನೋವು, ವಾಂತಿ, ಫಿಟ್ಸ್ ಜತೆ ದಿಢೀರ್ ಗೊಂದಲ ಶುರುವಾದರೆ ಅವತ್ತೇ ಆಸ್ಪತ್ರೆಗೆ ಓಡಿ. ಮೆದುಳಿನ ಟಿಬಿ ನಾಳೆವರೆಗೆ ಕಾಯುವುದಿಲ್ಲ.

ನಾಲಗೆ ಕೆಳಗೆ ಇಡುವ ಆ ಮಾತ್ರೆ ಬುಪ್ರೆನಾರ್ಫಿನ್, ಗರ್ದ್‌ನ ಹಂಬಲ ತಡೆಯುವ ಔಷಧ; ಅದನ್ನು ಮಾತ್ರ ನಿಲ್ಲಿಸಬೇಡಿ. ‘ಒಂದು ಚಟ ಬಿಟ್ಟು ಇನ್ನೊಂದು’ ಅನ್ನುವ ನೆಂಟರು ಗರ್ದ್‌ಗೆ ಮರಳಿದಾಗ ನೋಡಿಕೊಳ್ಳಲು ಬರುತ್ತಾರಾ? ದಿನಾ ಸೆಂಟರಿಗೆ ಹೋಗುತ್ತಾನಲ್ವಾ, ಎಆರ್‌ಟಿ ಮಾತ್ರೆಯನ್ನೂ ಅದೇ ಹೊತ್ತಿಗೆ ನುಂಗಲಿ. ಬೈದರೆ ನೆನಪು ಬರುವುದಿಲ್ಲ.

ಪ್ರಶ್ನೆ: ಬ್ರೇನ್ ಟಾನಿಕ್ ಕೊಡಬಹುದಾ? (ಪುಣೆ)

ಉತ್ತರ: ಕೇಳದೆ ಕೊಡಬೇಡಿ. ಕಬ್ಬಿಣ, ಕ್ಯಾಲ್ಸಿಯಂ ಇರುವ ಟಾನಿಕ್ ಖಾಲಿ ಹೊಟ್ಟೆಯಲ್ಲಿ ಎಆರ್‌ಟಿಯ ಡೊಲುಟೆಗ್ರಾವಿರ್ ಜತೆ ಸೇರಿದರೆ ಎಚ್‌ಐವಿ ಮಾತ್ರೆಯೇ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಪ್ರಶ್ನೆ: ಊಟದಲ್ಲಿ ಗುಟ್ಟಾಗಿ ಬೆರೆಸುವ ನಶೆ ಬಿಡಿಸುವ ಪುಡಿ ಹೇಗೆ? (ಠಾಣೆ)

ಉತ್ತರ: ಲೋಕಲ್ ಟ್ರೈನಿನ ಜಾಹೀರಾತು ಚೀಟಿ ನೋಡಿ ಔಷಧ ಕೊಳ್ಳುತ್ತೀರಾ? ಬೇಡ.

ಪ್ರಶ್ನೆ: ಎಂಡಿ (ಮೆಫೆಡ್ರೋನ್ ಎಂಬ ನಶೆ) ತೆಗೆದುಕೊಂಡ ದಿನ ಎಆರ್‌ಟಿ ಬಿಡಬೇಕಾ? (ವಾಸ್ಕೊ)

ಉತ್ತರ: ಬಿಡಬೇಡಿ. ಆದರೆ ಎಂಡಿ ವಿಷಯ ನಿಮ್ಮ ಎಆರ್‌ಟಿ ಡಾಕ್ಟರಿಗೆ ಹೇಳಿ. ಎಆರ್‌ಟಿ ಮಾತ್ರೆಯಲ್ಲಿ ರಿಟೊನಾವಿರ್ ಎಂಬ ಔಷಧ ಇದ್ದರೆ ಅಪಾಯ ಜಾಸ್ತಿ.