ಎಮಿಲಿ ಡಿಕಿನ್ಸನ್ ಕವಿತೆಗಳ ಅಸಲಿ ಪಾಠ ಯಾವುದು? ಹಸ್ತಪ್ರತಿ, ಪತ್ರಗಳನ್ನು ಇಲ್ಲಿಂದಲೇ ನೋಡಬಹುದೇ?

ನೀವು ಕೇಳಿರುವುದು ಇಷ್ಟು: ಪಠ್ಯಪುಸ್ತಕದಲ್ಲಿ ಓದಿದ ಡಿಕಿನ್ಸನ್ ಕವಿತೆಗೆ ‘ದಿ ಚಾರಿಯಟ್’ ಎಂಬ ಶೀರ್ಷಿಕೆ ಇತ್ತು, ಸಾಲುಗಳು ನುಣುಪಾಗಿದ್ದವು. ಅದೇ ಕವಿತೆ ಇಂಟರ್‌ನೆಟ್ಟಿನಲ್ಲಿ ಶೀರ್ಷಿಕೆಯಿಲ್ಲದೆ, ಉದ್ದಕ್ಕೂ ಡ್ಯಾಷ್‌ಗಳೊಂದಿಗೆ, ಒಂದು ನುಡಿ (ಚರಣ) ಹೆಚ್ಚಾಗಿ ಸಿಕ್ಕಿತು. ಅವಳು ಬರೆದದ್ದು ಯಾವುದು? ಮೂಲ ಕಾಗದಗಳನ್ನು ಅಮೆರಿಕಕ್ಕೆ ಹೋಗದೆ ನೋಡಬಹುದೇ? ಪತ್ರಗಳನ್ನೂ ಓದಬೇಕೇ?

ನೇರ ಉತ್ತರ ಮೊದಲು. ಡ್ಯಾಷ್‌ಗಳಿರುವ ಪಾಠವೇ ಅವಳ ಕೈಬರಹಕ್ಕೆ ಹತ್ತಿರ. ಶೀರ್ಷಿಕೆ ಅವಳು ತೀರಿಕೊಂಡ ಮೇಲೆ ಸಂಪಾದಕರು ಇಟ್ಟದ್ದು, ಆ ಒಂದು ನುಡಿಯನ್ನು ಬಿಟ್ಟವರೂ ಅವರೇ. ಆದರೆ ‘ಇದೊಂದೇ ಅಸಲಿ’ ಎಂದು ಬೆರಳಿಟ್ಟು ತೋರಿಸುವಂಥ ಪಾಠ ಅವಳ ಅನೇಕ ಕವಿತೆಗಳಿಗೆ ಇಲ್ಲವೇ ಇಲ್ಲ. ಹಾಗೆ ಇಲ್ಲದಂತೆ ಬರೆದಿಟ್ಟವಳು ಎಮಿಲಿಯೇ. ಕಾಲೇಜಿನಲ್ಲಿ ಇಂಗ್ಲಿಷ್ ಕವಿತೆ ಪಾಠ ಮಾಡುವ ನನಗೆ ಅವಳ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರಿಯವಾದ ಸಂಗತಿ ಇದೇ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಎಮಿಲಿ ಹುಟ್ಟಿದ್ದು 1830ರ ಡಿಸೆಂಬರ್ 10ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಆಮ್‌ಹರ್ಸ್ಟ್ ಊರಿನಲ್ಲಿ. ತೀರಿಕೊಂಡದ್ದು 1886ರ ಮೇ 15ರಂದು, ಹುಟ್ಟಿದ ಮನೆಯಲ್ಲೇ. ಬದುಕಿದ್ದಾಗ ಅಚ್ಚಾದ ಕವಿತೆಗಳು ಸುಮಾರು 10, ಒಂದರಲ್ಲೂ ಅವಳ ಹೆಸರಿರಲಿಲ್ಲ. ಅಕ್ಕ ಮೊದಲೇ ಹೇಳಿಟ್ಟಿದ್ದಂತೆ ತಂಗಿ ಲವಿನಿಯಾ ಅವಳಿಗೆ ಬಂದಿದ್ದ ಪತ್ರಗಳನ್ನೆಲ್ಲ ಸುಟ್ಟಳು. ಆಮೇಲೆ ಸಿಕ್ಕಿದ್ದು ಕವಿತೆಗಳ ರಾಶಿ. ಅದನ್ನು ಏನು ಮಾಡಬೇಕೆಂದು ಅಕ್ಕ ಹೇಳಿರಲಿಲ್ಲ.

ಆ ರಾಶಿಯಲ್ಲಿ ಕೈಯಲ್ಲಿ ಹೊಲಿದ 40 ಪುಟ್ಟ ಹೊತ್ತಗೆಗಳಿದ್ದವು. ಇವನ್ನು ‘ಫ್ಯಾಸಿಕಲ್’ ಎನ್ನುತ್ತಾರೆ. ಸುಮಾರು 1858ರಿಂದ 1864ರವರೆಗೆ ಎಮಿಲಿ ತನ್ನ ಕವಿತೆಗಳನ್ನು ಪತ್ರ ಬರೆಯುವ ಮಡಚಿದ ಹಾಳೆಗಳ ಮೇಲೆ ಶುದ್ಧಪ್ರತಿ ಮಾಡಿ, ಅಂಥ ಕೆಲವು ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಅಂಚಿನಲ್ಲಿ ಎರಡು ತೂತು ಚುಚ್ಚಿ, ದಾರ ಹಾಕಿ ಕಟ್ಟುತ್ತಿದ್ದಳು. ಹಳೆಯ ಕಿರಾಣಿ ಅಂಗಡಿಯವರು ಲೆಕ್ಕದ ಹಾಳೆಗಳನ್ನು ಹೊಲಿದಿಟ್ಟುಕೊಳ್ಳುತ್ತಿದ್ದರಲ್ಲ, ಅಷ್ಟೇ ಸರಳ ಕೆಲಸ. ಪುಟಸಂಖ್ಯೆ ಇಲ್ಲ, ಮುಖಪುಟ ಇಲ್ಲ, ಸಹಿ ಇಲ್ಲ. ಈ 40ರಲ್ಲೇ 800ಕ್ಕೂ ಹೆಚ್ಚು ಕವಿತೆಗಳಿವೆ. ಹೊಲಿಯದೆ ಬಿಟ್ಟ ಹಾಳೆಗಳು, ಚೂರುಕಾಗದಗಳು, ಪತ್ರಗಳ ಜೊತೆ ಕಳಿಸಿದವು ಸೇರಿದರೆ ಒಟ್ಟು ಹತ್ತಿರ ಹತ್ತಿರ 1800.

ಇನ್ನು ಪಾಠಾಂತರದ ಮಾತು. ನಮ್ಮ ಹಳಗನ್ನಡ ಕಾವ್ಯಗಳಲ್ಲಿ ಪಾಠಾಂತರ ಎಂದರೆ ಓಲೆಗರಿಯಿಂದ ಓಲೆಗರಿಗೆ ನಕಲಾಗುವಾಗ ಲಿಪಿಕಾರರ ಕೈಯಲ್ಲಿ ಬದಲಾದದ್ದು. ಸಂಪಾದಕರು ಅವುಗಳ ನಡುವಿನಿಂದ ಕವಿಯ ಪಾಠವನ್ನು ಹುಡುಕುತ್ತಾರೆ. ಡಿಕಿನ್ಸನ್ ಹಸ್ತಪ್ರತಿಗಳಲ್ಲಿ ಪಾಠಾಂತರ ಬರೆದವಳು ಕವಿಯೇ. ಸಾಲಿನಲ್ಲಿ ಒಂದು ಪದದ ಪಕ್ಕ ಸಣ್ಣ ಕೂಡುಗುರುತು ಹಾಕಿ, ಕವಿತೆ ಮುಗಿದ ಮೇಲೆ ಕೆಳಗೆ ಅದೇ ಗುರುತಿನೊಂದಿಗೆ ಇನ್ನೊಂದು ಪದ ಬರೆದಿಡುತ್ತಿದ್ದಳು. ಮೊದಲಿನದನ್ನು ಹೊಡೆದುಹಾಕುತ್ತಿರಲಿಲ್ಲ. ‘ಮೈ ಲೈಫ್ ಹ್ಯಾಡ್ ಸ್ಟುಡ್ – ಎ ಲೋಡೆಡ್ ಗನ್’ ಕವಿತೆಯ ಕೊನೆಯನ್ನು ನೋಡಿ. ಯಜಮಾನನ ಕೈಯ ಬಂದೂಕು ಅಲ್ಲಿ ಮಾತಾಡುತ್ತದೆ: ನನಗಿರುವುದು ಕೊಲ್ಲುವ ಶಕ್ತಿ ಮಾತ್ರ, ಸಾಯುವ ಶಕ್ತಿಯಿಲ್ಲ. ಹಸ್ತಪ್ರತಿಯಲ್ಲಿ ಮೊದಲ ‘ಶಕ್ತಿ’ಗೆ ಬದಲಿಯಾಗಿ ‘ಕಲೆ’ ಎಂಬ ಪದವೂ ಇದೆ. ಕೊಲ್ಲುವುದು ಶಕ್ತಿಯೋ ಕಲೆಯೋ ಎಂಬುದು ಸಣ್ಣ ವ್ಯತ್ಯಾಸವಲ್ಲ. ಬಂದೂಕನ್ನು ಕವಿಯೇ ಎಂದು ಓದುವವರಿಗಂತೂ ಇಡೀ ಕವಿತೆಯೇ ತಿರುಗಿ ನಿಲ್ಲುತ್ತದೆ. ಅಚ್ಚಿನ ಪುಸ್ತಕ ಒಂದನ್ನು ಆರಿಸಲೇಬೇಕು. ಎಮಿಲಿ ಆರಿಸದೆ ಎರಡನ್ನೂ ಇಟ್ಟುಕೊಂಡಳು.

ಮೊದಲ ಪುಸ್ತಕ ಬಂದದ್ದು 1890ರ ನವೆಂಬರ್‌ನಲ್ಲಿ, ಬಾಸ್ಟನ್ನಿನ ರಾಬರ್ಟ್ಸ್ ಬ್ರದರ್ಸ್ ಪ್ರಕಾಶನದಿಂದ. ಸಂಪಾದಕರು ಆಮ್‌ಹರ್ಸ್ಟ್‌ನ ಮೇಬಲ್ ಲೂಮಿಸ್ ಟಾಡ್ ಮತ್ತು ಆಗಿನ ಹೆಸರಾಂತ ಲೇಖಕ ಥಾಮಸ್ ವೆಂಟ್‌ವರ್ತ್ ಹಿಗ್ಗಿನ್‌ಸನ್. ಅವರು ಡ್ಯಾಷ್‌ಗಳನ್ನು ತೆಗೆದು ಅಲ್ಪವಿರಾಮ ಹಾಕಿದರು, ಪ್ರಾಸ ಕೂಡದ ಕಡೆ ಪದ ಬದಲಿಸಿದರು, ತಲೆಬರಹ ಕೊಟ್ಟರು. ನಿಮ್ಮ ಪಠ್ಯದ ಕವಿತೆಯಲ್ಲಿ ಸಾವು ಗಾಡಿ ತಂದು ಅವಳನ್ನು ಕರೆದೊಯ್ಯುತ್ತದೆ. ಸೂರ್ಯನನ್ನು ದಾಟಿದೆವು ಎಂದವಳು ಮರುಕ್ಷಣ, ಅಲ್ಲ, ಅವನೇ ನಮ್ಮನ್ನು ದಾಟಿಹೋದ ಎಂದು ತಿದ್ದಿಕೊಳ್ಳುತ್ತಾಳೆ. ಇಬ್ಬನಿ ಕೊರೆಯುತ್ತದೆ, ಮೈಮೇಲೆ ತೆಳು ಬಟ್ಟೆ. ಕವಿತೆಯಲ್ಲಿ ಮೊದಲ ಸಲ ಚಳಿ ತಟ್ಟುವ ಜಾಗ ಇದು. 1890ರ ಪುಸ್ತಕದಲ್ಲಿ ಈ ನುಡಿಯೇ ಇಲ್ಲ. ಇದನ್ನು ಬಿಟ್ಟರೆ ಉಳಿಯುವುದು ಹಿತವಾದ ಒಂದು ಗಾಡಿ ಸವಾರಿ. ಸಂಪಾದಕರ ಮೇಲೆ ನನಗೆ ಈ ಒಂದು ವಿಷಯದಲ್ಲಿ ಬೇಸರವಿದೆ. ಹಾಗೆಂದು ಅವರ ಉಪಕಾರ ಮರೆಯುವಂತಿಲ್ಲ. ಆ ಕಗ್ಗಂಟು ಕೈಬರಹವನ್ನು ಓದಿ ನಕಲು ಮಾಡಿ ಲೋಕದ ಮುಂದಿಟ್ಟವಳು ಮೇಬಲ್. ಪುಸ್ತಕ ಎರಡು ವರ್ಷದೊಳಗೆ 11 ಮುದ್ರಣ ಕಂಡಿತು.

ಪಾಠದ ಪ್ರಶ್ನೆ ಎಷ್ಟು ಆಳ ಎಂದು ತಿಳಿಯಲು ಒಂದೇ ಕವಿತೆಯನ್ನು ಹಿಂಬಾಲಿಸಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ: ‘ಸೇಫ್ ಇನ್ ದೇರ್ ಅಲಬಾಸ್ಟರ್ ಚೇಂಬರ್ಸ್’. ಮೊದಲ ನುಡಿಯಲ್ಲಿ ಸತ್ತವರು ಅಮೃತಶಿಲೆಯ ಕೋಣೆಗಳಲ್ಲಿ ಕ್ಷೇಮವಾಗಿ ಮಲಗಿದ್ದಾರೆ. ಬೆಳಗೂ ಮಧ್ಯಾಹ್ನವೂ ಅವರನ್ನು ಮುಟ್ಟುವುದಿಲ್ಲ, ರೇಷ್ಮೆಯ ತೊಲೆ, ಕಲ್ಲಿನ ಮಾಡು. 1859ರ ರೂಪದಲ್ಲಿ ಎರಡನೇ ನುಡಿ ಹೊರಗಿನ ಲೋಕದ್ದು: ಗಾಳಿ ನಗುತ್ತದೆ, ಜೇನುಹುಳ ಗುಂಯ್‌ಗುಡುತ್ತದೆ, ಹಕ್ಕಿ ಹಾಡುತ್ತದೆ. ಇದನ್ನು ಪಕ್ಕದ ಮನೆಯಲ್ಲೇ ಇದ್ದ ಅತ್ತಿಗೆ ಸೂಸನ್‌ಗೆ ತೋರಿಸಿದಳು. ಸೂಸನ್‌ಗೆ ಎರಡನೇ ನುಡಿ ಒಪ್ಪಿಗೆಯಾಗಲಿಲ್ಲ. 1861ರಲ್ಲಿ ಎಮಿಲಿ ಪೂರ್ತಿ ಬೇರೆಯದನ್ನೇ ಬರೆದು ಕಳಿಸಿದಳು. ಹಕ್ಕಿ ಜೇನು ಮಾಯ. ಈಗ ವರ್ಷಗಳು ಮೇಲೆ ಬಾಗಿ ಸಾಗುತ್ತವೆ, ಲೋಕಗಳು ಕಮಾನು ಕೊರೆಯುತ್ತವೆ, ಕಿರೀಟಗಳು ಉದುರುತ್ತವೆ, ಹಿಮದ ಬಿಲ್ಲೆಯ ಮೇಲಿನ ಚುಕ್ಕೆಗಳಷ್ಟು ಸದ್ದಿಲ್ಲದೆ. ಸೂಸನ್ ಅದಕ್ಕೂ ಒಪ್ಪಲಿಲ್ಲ. ಮೊದಲ ನುಡಿ ತಾನೇ ಪೂರ್ಣ, ಅದಕ್ಕೆ ಜೊತೆ ಬೇಡ ಎಂದಳು. ಅದನ್ನು ನೆನೆದಾಗಲೆಲ್ಲ ಒಲೆಯ ಹತ್ತಿರ ಹೋಗಿ ಮೈ ಕಾಯಿಸಿಕೊಳ್ಳುತ್ತೇನೆ ಎಂದೂ ಬರೆದಳು. ಕವಿತೆಯೊಂದಕ್ಕೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಕಡಿಮೆ ಓದಿದ್ದೇನೆ.

ಮುಂದೆ ಆದದ್ದು ಕೇಳಿ. 1862ರ ಮಾರ್ಚ್ 1ರಂದು ‘ಸ್ಪ್ರಿಂಗ್‌ಫೀಲ್ಡ್ ರಿಪಬ್ಲಿಕನ್’ ಪತ್ರಿಕೆ ಹಳೆಯ ರೂಪವನ್ನು ಅಚ್ಚು ಹಾಕಿತು. ಮರುತಿಂಗಳೇ ಎಮಿಲಿ ಹಿಗ್ಗಿನ್‌ಸನ್‌ಗೆ ಹೊಸ ರೂಪವನ್ನು ಕಳಿಸಿದಳು. 1890ರ ಸಂಪಾದಕರು ಎರಡೂ ಎರಡನೇ ನುಡಿಗಳನ್ನು ಒಂದರ ಕೆಳಗೊಂದು ಜೋಡಿಸಿ ಮೂರು ನುಡಿಯ ಕವಿತೆ ಮಾಡಿದರು. ಅಂಥ ಕವಿತೆಯನ್ನು ಎಮಿಲಿ ಎಂದೂ ಬರೆದಿರಲಿಲ್ಲ. ಇದರಲ್ಲಿ ಅಸಲಿ ಯಾವುದು ಎಂದರೆ, ಅವಳ ಎರಡೂ ರೂಪಗಳು ಅಸಲಿ. ಜೋಡಿಸಿದ್ದು ಮಾತ್ರ ಅಲ್ಲ.

ಇಷ್ಟು ದೊಡ್ಡ ಕವಿಯ ಪೂರ್ತಿ ಕಾವ್ಯ ಓದುಗರಿಗೆ ಸಿಗಲು 1955ರವರೆಗೆ ಕಾಯಬೇಕಾದದ್ದಕ್ಕೆ ಕಾರಣ ಒಂದು ಮನೆಜಗಳ. ಅಣ್ಣ ಆಸ್ಟಿನ್‌ಗೂ ಮೇಬಲ್‌ಗೂ ವರ್ಷಗಟ್ಟಲೆ ಪ್ರೇಮಸಂಬಂಧವಿತ್ತು. ಅವನ ಹೆಂಡತಿ ಸೂಸನ್, ಅಂದರೆ ಎಮಿಲಿಯ ಅತ್ಯಂತ ಆಪ್ತ ಓದುಗಾರ್ತಿ, ಇನ್ನೊಂದು ಬದಿ. 1895ರಲ್ಲಿ ಆಸ್ಟಿನ್ ಸತ್ತ ಮೇಲೆ ಒಂದು ತುಂಡು ಜಮೀನಿನ ವಿಷಯಕ್ಕೆ ಲವಿನಿಯಾ ಮೇಬಲ್ ಮೇಲೆ ದಾವೆ ಹೂಡಿದಳು, ಗೆದ್ದಳು. ಮೇಬಲ್ ತನ್ನ ಬಳಿ ಇದ್ದ ಹಸ್ತಪ್ರತಿಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಉಳಿದವು ಸೂಸನ್ ಮಗಳು ಮಾರ್ಥಾಳ ಕೈ ಸೇರಿದವು. ಕೊನೆಗೆ ಮಾರ್ಥಾಳ ಕಡೆಯವು 1950ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ, ಮೇಬಲ್ ಕಡೆಯವು 1956ರಲ್ಲಿ ಆಮ್‌ಹರ್ಸ್ಟ್ ಕಾಲೇಜಿಗೆ ಹೋದವು. ಇಂದಿಗೂ ಹಸ್ತಪ್ರತಿಗಳು ಮುಖ್ಯವಾಗಿ ಈ ಎರಡು ಜಾಗದಲ್ಲೇ ಹಂಚಿಹೋಗಿವೆ.

ಥಾಮಸ್ ಜಾನ್ಸನ್ 1955ರಲ್ಲಿ ಮೂರು ಸಂಪುಟಗಳಲ್ಲಿ 1775 ಕವಿತೆಗಳನ್ನು ಪಾಠಾಂತರ ಸಮೇತ ತಂದರು. ಡ್ಯಾಷ್‌ಗಳು ವಾಪಸ್ ಬಂದದ್ದು ಅಲ್ಲಿಂದ. ಹಿಂದಿನ ಸಂಪಾದಕರು ಹೊತ್ತಗೆಗಳ ದಾರ ಬಿಚ್ಚಿ ಹಾಳೆಗಳನ್ನು ಬೆರೆಸಿಬಿಟ್ಟಿದ್ದರು. ರಾಲ್ಫ್ ಫ್ರಾಂಕ್ಲಿನ್ ಅವರು ಸೂಜಿತೂತುಗಳನ್ನು, ಕಲೆಗಳನ್ನು, ಕಾಗದದ ಗುರುತುಗಳನ್ನು ಹೊಂದಿಸಿ ಹಳೆಯ ಕ್ರಮವನ್ನು ಮತ್ತೆ ಕಂಡುಹಿಡಿದು, 1981ರಲ್ಲಿ ಹಸ್ತಪ್ರತಿಗಳ ಯಥಾಪ್ರತಿಯನ್ನೇ ಪ್ರಕಟಿಸಿದರು. ಆ ತಾಳ್ಮೆಗೆ ನನ್ನ ನಮಸ್ಕಾರ. 1998ರಲ್ಲಿ ಅವರದೇ ಹೊಸ ಪರಿಷ್ಕರಣ, 1789 ಕವಿತೆಗಳೊಂದಿಗೆ, ಬಂತು. ನೀವು ಒಂದೇ ಪುಸ್ತಕ ಕೊಳ್ಳುವುದಾದರೆ ಕ್ರಿಸ್ಟಾನ್ ಮಿಲ್ಲರ್ ಅವರ 2016ರ ಸಂಪುಟ ಕೊಳ್ಳಿ. ಹೊತ್ತಗೆಗಳ ಕ್ರಮದಲ್ಲೇ ಕವಿತೆಗಳಿವೆ, ಬದಲಿ ಪದಗಳು ಪುಟದ ಪಕ್ಕದಲ್ಲೇ ಇವೆ. ಹಳೆಯ ನುಣುಪು ಪಾಠ ಇನ್ನೂ ಎಲ್ಲ ಕಡೆ ಓಡಾಡುತ್ತಿರುವುದು ಕಾಪಿರೈಟಿನಿಂದಾಗಿ. 1890ರ ದಶಕದ ಪುಸ್ತಕಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಜಾನ್ಸನ್ ಮತ್ತು ಫ್ರಾಂಕ್ಲಿನ್ ಪಾಠಗಳಿಗೆ ಹಾರ್ವರ್ಡ್ ಅನುಮತಿ ಬೇಕು.

ಪತ್ರಗಳನ್ನು ಓದಬೇಕೇ? ಓದಲೇಬೇಕು. 1862ರ ಏಪ್ರಿಲ್ 15ರಂದು, ಪರಿಚಯವೇ ಇಲ್ಲದ ಹಿಗ್ಗಿನ್‌ಸನ್‌ಗೆ, ನನ್ನ ಪದ್ಯಕ್ಕೆ ಜೀವವಿದೆಯೇ ಹೇಳಲು ನಿಮಗೆ ಬಿಡುವಿದೆಯೇ ಎಂದು ಕೇಳಿ ಬರೆದಳು. ನಾಲ್ಕು ಕವಿತೆ ಜೊತೆಗಿಟ್ಟಳು. ಪತ್ರಕ್ಕೆ ಸಹಿಯಿಲ್ಲ, ಹೆಸರನ್ನು ಪ್ರತ್ಯೇಕ ಕಾರ್ಡಿನ ಮೇಲೆ ಬರೆದು ಪುಟ್ಟ ಲಕೋಟೆಯಲ್ಲಿಟ್ಟಿದ್ದಳು. ಮುಂದಿನ ಪತ್ರದಲ್ಲಿ ತನ್ನ ಸಂಗಾತಿಗಳು ಯಾರೆಂದರೆ ಬೆಟ್ಟಗಳು, ಸೂರ್ಯಾಸ್ತ ಮತ್ತು ಅಪ್ಪ ತಂದುಕೊಟ್ಟ, ತನ್ನಷ್ಟೇ ದೊಡ್ಡ ನಾಯಿ ಎಂದಳು. ಇದನ್ನು ಗದ್ಯ ಎನ್ನುವುದೋ ಪದ್ಯ ಎನ್ನುವುದೋ? ಅವಳ ಪತ್ರಗಳಲ್ಲಿ ಆ ಗೆರೆ ಅಳಿಸಿಹೋಗುತ್ತಾ ಬರುತ್ತದೆ. 1883ರಲ್ಲಿ ಸೂಸನ್‌ಳ 8 ವರ್ಷದ ಮಗ ಗಿಲ್ಬರ್ಟ್ ಟೈಫಾಯ್ಡ್‌ನಿಂದ ಸತ್ತಾಗ ಬರೆದ ಪತ್ರವನ್ನಂತೂ ಹುಡುಕಿ ಓದಿ. ಆ ಮಗು ಗುಟ್ಟುಗಳಲ್ಲಿ ಖುಷಿಪಡುತ್ತಿತ್ತು ಎನ್ನುತ್ತಾಳೆ. ಅದು ಬಿದಿಗೆಯ ಚಂದ್ರನಲ್ಲ, ಹುಣ್ಣಿಮೆಯಿಂದಲೇ ಹೊರಟದ್ದು ಎನ್ನುತ್ತಾಳೆ. ಮಗನನ್ನು ಕಳೆದುಕೊಂಡ ತಾಯಿಗೆ ಅಷ್ಟು ಬೆಳಕಿನ ಮಾತು ಬರೆಯಬಲ್ಲವರು ಅಪರೂಪ.

ಪತ್ರಗಳಲ್ಲಿ ಕಳೆದುಹೋದದ್ದೂ ಬಹಳ. ಚಿಕ್ಕಮ್ಮನ ಮಕ್ಕಳಾದ ನಾರ್‌ಕ್ರಾಸ್ ಸೋದರಿಯರು ತಮಗೆ ಬಂದ ಪತ್ರಗಳ ಆಯ್ದ ಭಾಗಗಳನ್ನು ನಕಲು ಮಾಡಿ ಕೊಟ್ಟರೇ ಹೊರತು ಮೂಲಗಳು ಉಳಿಯಲಿಲ್ಲ. ಕೆಲವು ಕಾಗದಗಳಲ್ಲಿ ಸೂಸನ್ ಕುರಿತ ಮಾತುಗಳನ್ನು ಯಾರೋ ಅಳಿಸಿದ್ದಾರೆ. ಅತ್ತಿಗೆಯ ಬಗ್ಗೆ ಬರೆದ ‘ಒನ್ ಸಿಸ್ಟರ್ ಹ್ಯಾವ್ ಐ’ ಕವಿತೆಯ ಮೇಲೆ ಹೊತ್ತಗೆಯಲ್ಲಿ ಸಾಲು ಸಾಲಾಗಿ ಶಾಯಿ ಎಳೆದಿದ್ದಾರೆ. ಸೂಸನ್‌ಗೆ ಕಳಿಸಿದ್ದ ಪ್ರತಿ ಉಳಿದದ್ದರಿಂದ ನಾವಿಂದು ಅದನ್ನು ಓದುತ್ತಿದ್ದೇವೆ. ಜಾನ್ಸನ್ ಮತ್ತು ಥಿಯೊಡೋರಾ ವಾರ್ಡ್ 1958ರಲ್ಲಿ ತಂದ ಪತ್ರಸಂಪುಟಗಳು ಗ್ರಂಥಾಲಯಗಳಲ್ಲಿ ಸಿಗಬಹುದು. ಮಿಲ್ಲರ್ ಮತ್ತು ಡೋನಲ್ ಮಿಚೆಲ್ ಅವರ 2024ರ ಸಂಪುಟದಲ್ಲಿ 1304 ಪತ್ರಗಳಿವೆ.

ಈಗ ನೋಡುವ ದಾರಿ. 2013ರಿಂದ ‘ಎಮಿಲಿ ಡಿಕಿನ್ಸನ್ ಆರ್ಕೈವ್’ ಎಂಬ ಜಾಲತಾಣ ಹಾರ್ವರ್ಡ್, ಆಮ್‌ಹರ್ಸ್ಟ್, ಬಾಸ್ಟನ್ ಸಾರ್ವಜನಿಕ ಗ್ರಂಥಾಲಯ ಮುಂತಾದ ಕಡೆಯ ಹಸ್ತಪ್ರತಿಗಳ ಚಿತ್ರಗಳನ್ನು ಒಟ್ಟಿಗೆ ಇಟ್ಟಿದೆ. ಪುಕ್ಕಟೆ. ಆಮ್‌ಹರ್ಸ್ಟ್ ಕಾಲೇಜಿನ ಡಿಜಿಟಲ್ ಸಂಗ್ರಹವನ್ನೂ ತೆರೆಯಿರಿ. ಕೊನೆಯ ವರ್ಷಗಳ ಚೂರುಕಾಗದಗಳು ಅಲ್ಲಿವೆ. ಬಿಚ್ಚಿದ ಲಕೋಟೆಯ ಒಳಬದಿ, ಚಾಕೊಲೇಟ್ ಸುತ್ತಿದ ಕಾಗದ, ಕೈಗೆ ಸಿಕ್ಕಿದ್ದರ ಮೇಲೆಲ್ಲ ಬರೆದಿದ್ದಾಳೆ. ಭರವಸೆ ಮನೆ ಕಟ್ಟುವ ಬಗೆಯನ್ನು ಹೇಳುವ ಕವಿತೆ ಇರುವ ಲಕೋಟೆ, ಬಿಚ್ಚಿದಾಗ ಮಾಡು ಇರುವ ಮನೆಯ ಆಕಾರದಲ್ಲೇ ಇದೆ. ಅವಳು ಅದನ್ನು ಬೇಕೆಂದೇ ಆರಿಸಿದಳು ಎಂದು ನಾನು ನಂಬುತ್ತೇನೆ.

ಕೈಬರಹ ಮೊದಲಿಗೆ ಹೆದರಿಸುತ್ತದೆ. ಊರಿನ ಕಾಲೇಜು ಮ್ಯೂಸಿಯಮ್ಮಿನ ಹಕ್ಕಿಹೆಜ್ಜೆಯ ಪಳೆಯುಳಿಕೆ ನೋಡಿ ಬರೆಯಲು ಕಲಿತಿರಬೇಕು ಎಂದು ಹಿಗ್ಗಿನ್‌ಸನ್ ಬರೆದಿದ್ದಾನೆ. ಅದಕ್ಕೆ ಒಂದು ಉಪಾಯ: ಬಾಯಿಪಾಠವಾಗಿರುವ ಕವಿತೆಯಿಂದಲೇ ಶುರುಮಾಡಿ. ಪಕ್ಕದಲ್ಲಿ ಅಚ್ಚಿನ ಪಾಠ ಇಟ್ಟುಕೊಂಡು ಅಕ್ಷರ ಗುರುತಿಸಿ, ಸಾಲು ಎಲ್ಲಿ ಮುರಿದಿದೆ, ಡ್ಯಾಷ್ ಎಷ್ಟು ಉದ್ದ, ಮೇಲಕ್ಕೋ ಕೆಳಕ್ಕೋ ಎಂದು ನೋಡಿ. ಅಚ್ಚಿನಲ್ಲಿ ಎಲ್ಲ ಡ್ಯಾಷ್‌ಗಳೂ ಒಂದೇ ಅಳತೆ, ಅವಳ ಕೈಯಲ್ಲಿ ಹಾಗಿಲ್ಲ.

ಇನ್ನೊಂದು ವ್ಯಾವಹಾರಿಕ ಮಾತು. ಅವಳು ಶೀರ್ಷಿಕೆ ಕೊಡದ ಕಾರಣ ಕವಿತೆಗಳನ್ನು ಮೊದಲ ಸಾಲಿನಿಂದ ಅಥವಾ ಸಂಖ್ಯೆಯಿಂದ ಹೆಸರಿಸುತ್ತಾರೆ. ನಿಮ್ಮ ಪಠ್ಯದ ಕವಿತೆ ಜಾನ್ಸನ್ ಕ್ರಮದಲ್ಲಿ 712, ಫ್ರಾಂಕ್ಲಿನ್ ಕ್ರಮದಲ್ಲಿ 479. ಪ್ರಬಂಧ ಬರೆಯುವಾಗ ಯಾರ ಪಾಠ ಬಳಸಿದ್ದೀರಿ ಎಂದು ಸಂಖ್ಯೆಯೊಂದಿಗೆ ನಮೂದಿಸಿ. ಆರ್ಕೈವ್‌ನಲ್ಲಿ ಹುಡುಕುವಾಗ ‘ಬಿಕಾಸ್ ಐ ಕುಡ್ ನಾಟ್ ಸ್ಟಾಪ್ ಫಾರ್ ಡೆತ್’ ಎಂಬ ಮೊದಲ ಸಾಲನ್ನೇ ಕೊಡಿ.