ಜರ್ಮನ್ ಮಾತುಕತೆಯಲ್ಲಿ ಹವಾಮಾನವನ್ನು ವಿಚಾರಿಸುವುದು ಹೇಗೆ?

ಲೋಕಾಭಿರಾಮವಾಗಿ ಮಾತನಾಡುವಾಗ ‘ವೀ ಇಸ್ಟ್ ಡಾಸ್ ವೆಟರ್?’, ಅಂದರೆ ‘ಹವಾಮಾನ ಹೇಗಿದೆ?’, ಎಂದು ಕೇಳಿದರೆ ಸಾಕೇ ಎಂಬುದು ನಿಮ್ಮ ಪ್ರಶ್ನೆ. ವ್ಯಾಕರಣದಲ್ಲಿ ಅದಕ್ಕೆ ದೋಷವಿಲ್ಲ. ಆದರೆ ಎದುರಿಗೆ ನಿಂತವರನ್ನು ಹಾಗೆ ಕೇಳುವ ರೂಢಿ ಇಲ್ಲ. ಮ್ಯೂನಿಕ್‌ಗೆ ಬಂದ ಹೊಸತರಲ್ಲಿ, ನಮ್ಮ ಕಟ್ಟಡದ ಮೆಟ್ಟಿಲ ಬಳಿ ಸಿಕ್ಕಿದ ವೃದ್ಧೆಯೊಬ್ಬರನ್ನು ನಾನು ಪಠ್ಯಪುಸ್ತಕದ ಈ ವಾಕ್ಯದಿಂದಲೇ ಮಾತನಾಡಿಸಿದೆ. ಅವರು ಒಂದು ಕ್ಷಣ ನನ್ನನ್ನು ನೋಡಿ, ಕೈಯಲ್ಲಿದ್ದ ಒದ್ದೆ ಕೊಡೆಯನ್ನು ಮೇಲೆತ್ತಿ ತೋರಿಸಿದರು.

ಇಬ್ಬರಿಗೂ ಒಂದೇ ಆಕಾಶ ಕಾಣುತ್ತಿರುವಾಗ ಇಲ್ಲಿಯವರು ಹವೆಯನ್ನು ಕುರಿತು ಏನಾದರೊಂದು ಹೇಳಿ, ಅದರ ಕೊನೆಗೆ ಪುಟ್ಟ ಪ್ರಶ್ನೆಯೊಂದನ್ನು ಅಂಟಿಸುತ್ತಾರೆ. ‘ಶ್ಯೋನೆಸ್ ವೆಟರ್ ಹೊಯ್ಟೆ, ಓಡರ್?’ ಎಂದರೆ ‘ಇವತ್ತು ಹವೆ ಚೆನ್ನಾಗಿದೆ, ಅಲ್ಲವೇ?’ ಎಂದರ್ಥ. ‘ಓಡರ್’ ಪದದ ಮೂಲಾರ್ಥ ‘ಅಥವಾ’ ಎಂದಿದ್ದರೂ ಇಲ್ಲಿ ಅದು ನಮ್ಮ ‘ಅಲ್ವಾ’ದ ಕೆಲಸವನ್ನೇ ಮಾಡುತ್ತದೆ, ಬವೇರಿಯಾದಲ್ಲಿ ಅದರ ಜಾಗದಲ್ಲಿ ‘ಗೆಲ್’ ಎಂಬುದೂ, ಉತ್ತರ ಜರ್ಮನಿಯ ಕಡೆ ‘ನೆ’ ಎಂಬುದೂ ಕಿವಿಗೆ ಬೀಳುತ್ತವೆ. ಉತ್ತರಿಸುವವರು ಸಾಮಾನ್ಯವಾಗಿ ಒಪ್ಪಿಕೊಂಡು ಒಂದು ಮಾತು ಸೇರಿಸುತ್ತಾರೆ, ಅಷ್ಟೇ.

ನಿಜವಾದ ಪ್ರಶ್ನೆ ಬರುವುದು ಉತ್ತರವು ಕಣ್ಣಿಗೆ ಕಾಣದಿರುವಾಗ, ಮುಖ್ಯವಾಗಿ ದೂರವಾಣಿಯಲ್ಲಿ. ‘ವೀ ಇಸ್ಟ್ ಡಾಸ್ ವೆಟರ್ ಬೈ ಡೀರ್?’, ಅಂದರೆ ‘ನಿನ್ನ ಕಡೆ ಹವಾಮಾನ ಹೇಗಿದೆ?’, ಎಂಬುದು ನಮ್ಮ ಊರಿನಿಂದ ಫೋನ್ ಮಾಡಿದವರು ‘ನಿಮ್ಮ ಕಡೆ ಮಳೆ ಹೇಗಿದೆ?’ ಎಂದು ಕೇಳುವಂತೆಯೇ. ಸಲಿಗೆಯ ಒಬ್ಬರಿಗೆ ‘ಬೈ ಡೀರ್’, ಸಲಿಗೆಯ ಹಲವರಿಗೆ ‘ಬೈ ಒಯ್ಶ್’, ಗೌರವದ ಸಂಬೋಧನೆಗೆ ‘ಬೈ ಈನೆನ್’. ಬಹುವಚನಕ್ಕೂ ಗೌರವಕ್ಕೂ ಒದಗುವ ನಮ್ಮ ಒಂದೇ ‘ನೀವು’ ಅಲ್ಲಿ ಎರಡಾಗಿ ಒಡೆಯುವುದರಿಂದ, ನಾನು ಇಂದಿಗೂ ಆಗಾಗ ತಡವರಿಸುತ್ತೇನೆ.

ಕೆಲವೆಡೆ ಕನ್ನಡವೇ ನಿಮಗೆ ದಾರಿ ತೋರಿಸುತ್ತದೆ. ನಾವು ‘ನಾನು ಚಳಿ’ ಎನ್ನುವುದಿಲ್ಲ, ‘ನನಗೆ ಚಳಿ’ ಎನ್ನುತ್ತೇವೆ; ಜರ್ಮನ್‌ನಲ್ಲಿಯೂ ‘ಮೀರ್ ಇಸ್ಟ್ ಕಾಲ್ಟ್’ ಎಂದು ಚತುರ್ಥಿ ವಿಭಕ್ತಿಯೇ ಬರುತ್ತದೆ. ಇಂಗ್ಲಿಷಿನ ‘ಐ ಆಮ್’ ಅನ್ನು ನೆನೆದು ‘ಇಷ್ ಬಿನ್’ ಎಂದು ಆರಂಭಿಸಿದವರು ಎಡವುತ್ತಾರೆ, ಅದರಲ್ಲಿಯೂ ಸೆಕೆಯ ಬಗ್ಗೆ ಹೇಳಲು ‘ಇಷ್ ಬಿನ್ ಹೈಸ್’ ಎಂದವರು ಕಾಮಾತುರರೆನಿಸಿಕೊಂಡು ನಗೆಗೀಡಾಗುತ್ತಾರೆ. ಹಾಗೆಯೇ ‘ಮಾರ್ಗೆನ್ ಜೋಲ್ ಎಸ್ ರೇಗ್ನೆನ್’ ಎಂಬ ವಾಕ್ಯದ ‘ಜೋಲ್’ ಅನ್ನು ತರಗತಿಗಳಲ್ಲಿ ಎಷ್ಟೋ ಹೊತ್ತು ವಿವರಿಸುತ್ತಾರೆ. ಕನ್ನಡಿಗರಿಗಾದರೆ ‘ನಾಳೆ ಮಳೆ ಬರುತ್ತದಂತೆ’ ಎಂಬಲ್ಲಿನ ‘ಅಂತೆ’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಮುನ್ಸೂಚನೆಯನ್ನು ಕೇಳಲು ‘ವೀ ವಿರ್ಟ್ ಡಾಸ್ ವೆಟರ್ ಮಾರ್ಗೆನ್?’ ಎಂದರಾಯಿತು. ಮಳೆ ಬರುತ್ತಿದೆ ಎಂಬುದಕ್ಕೆ ಮಾತ್ರ ನಮ್ಮ ವಾಕ್ಯರಚನೆ ಒಗ್ಗದು: ‘ಎಸ್ ರೇಗ್ನೆಟ್’ನಲ್ಲಿ ಮಳೆ ಕರ್ತೃವಲ್ಲ, ಅರ್ಥವಿಲ್ಲದ ‘ಎಸ್’ ಆ ಸ್ಥಾನದಲ್ಲಿ ಕುಳಿತಿರುತ್ತದೆ.

ಮೇ ತಿಂಗಳಿನಲ್ಲಿ ನೀವು ಇಲ್ಲಿದ್ದರೆ ಮತ್ತೊಂದು ಪ್ರಶ್ನೆಯನ್ನು ಪ್ರಯೋಗಿಸಿ ನೋಡಿ. ತಿಂಗಳ ನಡುವಿನ ಕೆಲವು ದಿನಗಳನ್ನು ‘ಐಸ್‌ಹೈಲಿಗೆ’, ಅಂದರೆ ಹಿಮದ ಸಂತರು, ಎನ್ನುತ್ತಾರೆ. 15ನೆಯ ತಾರೀಖಿನ ‘ಕಾಲ್ಟೆ ಸೋಫೀ’, ಅಂದರೆ ಚಳಿಯ ಸೋಫೀ, ಎಂಬ ಸಂತಳ ದಿನದೊಂದಿಗೆ ಅವು ಮುಗಿಯುವವರೆಗೆ, ಇಬ್ಬನಿ ಹೆಪ್ಪುಗಟ್ಟಿ ಎಳೆಯ ಸಸಿಗಳು ಸುಟ್ಟುಹೋಗಬಹುದೆಂಬ ಭಯದಿಂದ ಅನೇಕರು ಟೊಮೇಟೊ ಸಸಿಗಳನ್ನು ಹೊರಗೆ ನೆಡುವುದಿಲ್ಲ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ಕೇಳಿ ಬೆಳೆದ ನಮಗೆ ಇದು ಅಪರಿಚಿತವಾದ ಲೆಕ್ಕಾಚಾರವೇನಲ್ಲ. ಕೊಡೆ ತೋರಿಸಿದ ಆ ವೃದ್ಧೆಯನ್ನು ಒಂದು ಮೇ ತಿಂಗಳಿನಲ್ಲಿ ‘ಐಸ್‌ಹೈಲಿಗೆ ಮುಗಿದವೇ?’ ಎಂದು ವಿಚಾರಿಸಿದಾಗ, ಅವರು ತಮ್ಮ ಬಾಲ್ಕನಿಯ ಸಸಿಗಳ ವಿಷಯವನ್ನು ಕಾಲು ಗಂಟೆ ಹೇಳಿದರು.