90 ದಿನ ಇದೆ ಅಂತ 90 ದಿನವೂ ಅಲ್ಲೇ ಇರಬೇಕಾ?

ಪ್ರಶ್ನೆ: ಹೋದ ಡಿಸೆಂಬರ್‌ನಲ್ಲಿ ನನ್ನ ಮದುವೆ ಆಯಿತು. ಗಂಡ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎಂಜಿನಿಯರ್. ಅವರ ಹತ್ತಿರ ಬ್ಲೂ ಕಾರ್ಡ್ (ಹೆಚ್ಚು ಓದಿದ ವಿದೇಶಿ ನೌಕರರಿಗೆ ಕೊಡುವ ವಾಸದ ಪರವಾನಗಿ) ಇದೆ. ನಾನು ಅಲ್ಲಿಗೆ ಹೋಗಿ ನೆಲೆಸಲು ದೀರ್ಘಾವಧಿ ವೀಸಾಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದ್ದೇವೆ. ಬೆಂಗಳೂರಿಗೆ ಬಂದು ಕಾಗದಪತ್ರ ಕೊಡುವ ದಿನಾಂಕ ಇನ್ನೂ ಸಿಕ್ಕಿಲ್ಲ. ಹಿಂದಿನ ಪ್ರವಾಸಗಳಿಂದಾಗಿ ನನಗೆ ಎರಡು ವರ್ಷದ ಮಲ್ಟಿಪಲ್ ಎಂಟ್ರಿ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ, ಎಷ್ಟು ಸಲ ಬೇಕಾದರೂ ಹೋಗಿಬರುವಂಥದ್ದು) ಇದೆ. ಅದರಲ್ಲೇ ಫೆಬ್ರವರಿ 1ಕ್ಕೆ ಹೋಗಿ ಏಪ್ರಿಲ್ 11ಕ್ಕೆ ವಾಪಸ್ ಬಂದೆ. ಈಗ ಜುಲೈ 1ಕ್ಕೆ ಮತ್ತೆ ಹೋಗೋಣ ಅಂತಿದ್ದೇನೆ. ಎಷ್ಟು ದಿನ ಇರಬಹುದು? ಅಲ್ಲೇ ಇದ್ದುಕೊಂಡು ವೀಸಾ ಬದಲಾಯಿಸಿಕೊಳ್ಳಬಹುದಾ? 90 ದಿನ ಮುಗಿದುಹೋದರೆ ದೊಡ್ಡ ವೀಸಾ ಬಂದರೂ ಒಳಗೆ ಬಿಡಲ್ಲ ಅಂತ ನಮ್ಮ ಅತ್ತೆಯವರು ಹೆದರಿಸುತ್ತಿದ್ದಾರೆ. ನಿಜವೇ?
(ಹೆಸರು ಬೇಡ, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ತಂಗೀ, ಮೊದಲು ಅತ್ತೆಯವರ ಹೆದರಿಕೆ ಕಳೆಯೋಣ. ಅದು ನಿಜವಲ್ಲ. 90 ದಿನದ ಲೆಕ್ಕ ಬರುವುದು ಚಿಕ್ಕ ವೀಸಾಕ್ಕೆ ಮಾತ್ರ. ಅದನ್ನು ಸಿ ವೀಸಾ ಅನ್ನುತ್ತಾರೆ. ನೀವು ಕಾಯುತ್ತಿರುವುದು ಡಿ ವೀಸಾ. ಅದು ಕೈಗೆ ಬಂದ ಮೇಲೆ ಜರ್ಮನಿಯಲ್ಲಿ ಕಳೆಯುವ ದಿನಗಳನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಸಿ ವೀಸಾದ 90 ದಿನ ಪೂರ್ತಿ ಮುಗಿದಿದ್ದರೂ, ಡಿ ವೀಸಾ ಶುರುವಾಗುವ ದಿನವೇ ನೀವು ವಿಮಾನ ಹತ್ತಬಹುದು. ಇದು ಗೊತ್ತಿಲ್ಲದೆ ವೀಸಾ ಬಂದ ಮೇಲೂ ಸುಮ್ನೆ ಮನೆಯಲ್ಲಿ ದಿನ ಎಣಿಸುತ್ತಾ ಕೂತವರನ್ನು ನಾನು ನೋಡಿದ್ದೇನೆ. ಹೊಸದಾಗಿ ಮದುವೆಯಾದವರು ಹಾಗೆ ಕಾಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅಲ್ಲೇ ಇದ್ದು ಬದಲಾಯಿಸಿಕೊಳ್ಳುವ ಆಸೆ ಮಾತ್ರ ಬಿಡಿ. ಜರ್ಮನಿಯ ಕಾನೂನಿನ ಪ್ರಕಾರ ನೆಲೆಸಲು ಹೋಗುವವರು ನೆಲೆಸುವ ವೀಸಾ ತೆಗೆದುಕೊಂಡೇ ಒಳಗೆ ಬರಬೇಕು. ವಿನಾಯಿತಿಗಳಿವೆ, ಆದರೆ ಭಾರತೀಯರಿಗೆ ಅವು ತೀರಾ ಕಡಿಮೆ. ನಿಮ್ಮ ಮದುವೆ ಆಗಿದ್ದು ಹೋಗುವ ಮೊದಲೇ, ಇಲ್ಲೇ. ಹಾಗಾಗಿ ಆ ಬಾಗಿಲಿನಲ್ಲಿ ನಿಮ್ಮಂಥವರನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಕರ್ನಾಟಕದವರ ಅರ್ಜಿ ನೋಡುವುದು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ಬೆರಳಚ್ಚು ಕೊಡಲು ನೀವೇ ಖುದ್ದಾಗಿ ಬರಬೇಕು. ಕೊನೆಗೆ ವೀಸಾ ಅಂಟಿಸಲು ಪಾಸ್‌ಪೋರ್ಟ್ ಕೂಡ ಇಲ್ಲೇ ಕೊಡಬೇಕು.

ಈಗ ದಿನದ ಲೆಕ್ಕ. ನಿಯಮ ಹೀಗಿದೆ: ಯಾವುದೇ 180 ದಿನದ ಒಳಗೆ 90 ದಿನಕ್ಕಿಂತ ಜಾಸ್ತಿ ಷೆಂಗೆನ್ ದೇಶಗಳಲ್ಲಿ ಇರುವಂತಿಲ್ಲ. ಜರ್ಮನಿ ಒಂದರದ್ದೇ ಲೆಕ್ಕ ಅಲ್ಲ ಇದು, 29 ದೇಶ ಸೇರಿ 90. ಜನವರಿಗೆ ಶುರುವಾಗಿ ಜೂನ್‌ಗೆ ಮುಗಿಯುವ 180 ದಿನವೂ ಅಲ್ಲ. ನೀವು ಅಲ್ಲಿರುವ ಪ್ರತಿ ದಿನವೂ ನಿಂತು ಹಿಂದಕ್ಕೆ ತಿರುಗಿ ನೋಡಬೇಕು. ಇವತ್ತಿನ ದಿನವನ್ನೂ ಸೇರಿಸಿ ಹಿಂದಿನ 180 ದಿನದಲ್ಲಿ ಎಷ್ಟು ದಿನ ಅಲ್ಲಿದ್ದೆ ಅಂತ ಎಣಿಸಬೇಕು. ಇಳಿದ ದಿನವೂ ಒಂದು ದಿನ, ಹೊರಟ ದಿನವೂ ಒಂದು ದಿನ.

ನಿಮ್ಮದು ಫೆಬ್ರವರಿಯಲ್ಲಿ 28, ಮಾರ್ಚ್‌ನಲ್ಲಿ 31, ಏಪ್ರಿಲ್‌ನಲ್ಲಿ 11. ಒಟ್ಟು 70 ದಿನ. ಜುಲೈ 1ಕ್ಕೆ ಇಳಿದರೆ ಉಳಿದಿರುವುದು 20 ದಿನ. ಜುಲೈ 20ಕ್ಕೆ ನೀವು ಅಲ್ಲಿಂದ ಹೊರಟುಬಿಡಬೇಕು. ಫೆಬ್ರವರಿ 1ರ ದಿನ ನಿಮ್ಮ ಲೆಕ್ಕದಿಂದ ಬಿದ್ದುಹೋಗುವುದು ಜುಲೈ 31ಕ್ಕೆ. ಅಲ್ಲಿಯವರೆಗೆ ಒಂದು ದಿನವೂ ನಿಮಗೆ ವಾಪಸ್ ಸಿಗುವುದಿಲ್ಲ.

ಹತ್ತೇ ದಿನ ತಡ ಮಾಡಿ ಜುಲೈ 11ಕ್ಕೆ ಇಳಿದರೆ ಏನಾಗುತ್ತದೆ ನೋಡಿ. ಜುಲೈ 30ಕ್ಕೆ ನಿಮ್ಮ 20 ದಿನ ಮುಗಿಯುತ್ತದೆ. ಮಾರನೇ ದಿನ ಹಳೆಯ ಒಂದು ದಿನ ಬಿದ್ದು ಹೊಸ ಒಂದು ದಿನ ಸೇರುತ್ತದೆ. ಅದರ ಮಾರನೇ ದಿನವೂ ಹಾಗೇ. ಹೀಗೆ ಅಕ್ಟೋಬರ್ 8ರವರೆಗೂ ಲೆಕ್ಕ 90ರಲ್ಲೇ ನಿಂತಿರುತ್ತದೆ, 91ಕ್ಕೆ ಹೋಗುವುದೇ ಇಲ್ಲ. ಜುಲೈ 1ಕ್ಕೆ ಹೋದರೆ 20 ದಿನ, ಜುಲೈ 11ಕ್ಕೆ ಹೋದರೆ 90 ದಿನ! ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ದಿನಾಂಕ ಆರಿಸಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಯುರೋಪಿಯನ್ ಕಮಿಷನ್‌ನ ವೆಬ್‌ಸೈಟ್‌ನಲ್ಲಿ ಈ ಲೆಕ್ಕ ಮಾಡುವ ಕ್ಯಾಲ್ಕುಲೇಟರ್ ಇದೆ. ದಿನಾಂಕ ಹಾಕಿ ನೋಡಿ. ಆಮೇಲೆ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೈಯಲ್ಲೂ ಒಮ್ಮೆ ಎಣಿಸಿ. ಎರಡೂ ತಾಳೆ ಆದ ಮೇಲೆ ಟಿಕೆಟ್ ತೆಗೆಸಿ.

ಇನ್ನೊಂದು ಮಾತು. ವೀಸಾ ಸ್ಟಿಕರ್‌ನಲ್ಲಿ ಎರಡು ಬೇರೆ ಬೇರೆ ವಿಷಯ ಇರುತ್ತವೆ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಅನ್ನುವುದು ಒಂದು. ಒಟ್ಟು ಎಷ್ಟು ದಿನ ಇರಬಹುದು ಅನ್ನುವುದು ಇನ್ನೊಂದು. ಎರಡು ವರ್ಷದ ವೀಸಾ ಅಂದರೆ ಎರಡು ವರ್ಷ ಅಲ್ಲಿರಬಹುದು ಅಂತಲ್ಲ. ಒಂದೇ ಪ್ರವಾಸದ ವೀಸಾ ಇರುವವರು ಇನ್ನೂ ಹುಷಾರಾಗಿರಬೇಕು. ಅವರ ಸ್ಟಿಕರ್‌ನಲ್ಲಿ ಅವಧಿ ಸಾಮಾನ್ಯವಾಗಿ 15 ದಿನ ಜಾಸ್ತಿ ಕೊಟ್ಟಿರುತ್ತಾರೆ. ಅದು ಹೋಗಿ ಬರುವ ದಿನಾಂಕ ಹಿಂದೆ ಮುಂದೆ ಆದರೆ ಇರಲಿ ಅಂತ ಮಾತ್ರ. ಅಲ್ಲಿರುವ ದಿನ ಅದರಿಂದ ಒಂದೂ ಹೆಚ್ಚುವುದಿಲ್ಲ.

ಹಾಗಾದರೆ ಅಕ್ಟೋಬರ್ 8ರವರೆಗೂ ಇದ್ದುಬಿಡಲೇ ಅಂತ ಕೇಳುತ್ತೀರಿ. ಬೇಡ. ಇದು ನನ್ನ ಖಚಿತ ಅಭಿಪ್ರಾಯ.

ಮೊದಲ ಕಾರಣ ಬೆಂಗಳೂರಿನ ದಿನಾಂಕ. ಅದು ನೀವು ಸ್ಟುಟ್‌ಗಾರ್ಟ್‌ನಲ್ಲಿರುವಾಗ ಬಂದರೆ ಓಡಿ ಬರಬೇಕು, ಇಲ್ಲ ಕಳೆದುಕೊಳ್ಳಬೇಕು. ಕಳೆದುಕೊಂಡರೆ ಮತ್ತೆ ಮೊದಲಿನಿಂದ ಕಾಯುವುದು. ಕಾಗದ ಕೊಟ್ಟ ಮೇಲೂ ಕೆಲಸ ಮುಗಿಯುವುದಿಲ್ಲ. ನಿಮ್ಮ ಫೈಲು ನಿಮ್ಮ ಗಂಡ ಇರುವ ಊರಿನ ವಿದೇಶಿಯರ ಕಚೇರಿಗೆ ಹೋಗಿ, ಅವರು ಒಪ್ಪಿದ ಮೇಲೆ ವಾಪಸ್ ಬರಬೇಕು. ಜಾಸ್ತಿ ತಡ ಆಗುವುದು ಅಲ್ಲಿ. ಆ ಕಚೇರಿ ಬಾಡಿಗೆ ಕರಾರು, ಸಂಬಳದ ಚೀಟಿ ಅಂತ ಏನಾದರೂ ಕೇಳಿ ಪತ್ರ ಬರೆದರೆ ನಿಮ್ಮ ಯಜಮಾನರು ಅದೇ ವಾರ ಉತ್ತರ ಕೊಡಲಿ. ಅಷ್ಟರಿಂದಲೇ ನೀವು ಇಲ್ಲಿ ಕಾಯುವುದು ಎಷ್ಟೋ ಕಡಿಮೆ ಆಗುತ್ತದೆ.

ಎರಡನೇ ಕಾರಣ ಇನ್ನೂ ದೊಡ್ಡದು. 90 ದಿನವೂ ಮುಗಿಸಿ ಬಂದ ಮೇಲೆ ವೀಸಾ ಇನ್ನೂ ಬಂದಿಲ್ಲ ಅಂತಿಟ್ಟುಕೊಳ್ಳಿ. ಅಲ್ಲಿ ಗಂಡನಿಗೆ ಹುಷಾರಿಲ್ಲ ಅಂತ ಫೋನ್ ಬಂದರೆ? ಕೈಯಲ್ಲಿ ಒಂದು ದಿನವೂ ಇರುವುದಿಲ್ಲ. ಅದೇ ಜುಲೈ 11ಕ್ಕೆ ಹೋಗಿ ಆಗಸ್ಟ್ 20ಕ್ಕೆ ಬಂದರೆ 41 ದಿನ ಜೊತೆಗಿದ್ದಂತಾಯಿತು. ಸೆಪ್ಟೆಂಬರ್ 15ಕ್ಕೆ ತುರ್ತಾಗಿ ಹೊರಡಬೇಕಾದರೂ ಕನಿಷ್ಠ 26 ದಿನ ನಿಮ್ಮ ಹತ್ತಿರ ಇರುತ್ತದೆ. ಕಷ್ಟಕಾಲಕ್ಕೆ ಅಂತ ಅಮ್ಮಂದಿರು ಡಬ್ಬಿಯಲ್ಲಿ ದುಡ್ಡು ಇಡುತ್ತಾರಲ್ಲ, ಈ ದಿನಗಳನ್ನೂ ಹಾಗೇ ಎತ್ತಿಡಿ.

ನಮ್ಮ ಅತ್ತಿಗೆಯ ಕಥೆ ಹೇಳುತ್ತೇನೆ. ಅವರು ವಾಪಸ್ ಟಿಕೆಟ್ಟನ್ನು ಸರಿಯಾಗಿ 90ನೇ ದಿನಕ್ಕೇ ತೆಗೆಸಿದ್ದರು. ಅವತ್ತು ಹಿಮ ಬಿದ್ದು ವಿಮಾನ ರದ್ದಾಯಿತು. ಪುಣ್ಯಕ್ಕೆ ಇಂಥ ಕೈಮೀರಿದ ಕಾರಣಕ್ಕೆ ವೀಸಾ ವಿಸ್ತರಿಸಿಕೊಡುವ ನಿಯಮ ಇದೆ, ಅದಕ್ಕೆ ಶುಲ್ಕವೂ ಇಲ್ಲ. ಆದರೆ ಭಾಷೆ ಬಾರದ ಊರಲ್ಲಿ, ಆ ಚಳಿಯಲ್ಲಿ, ವಿಮಾನ ರದ್ದಾದ ಪತ್ರ ಹಿಡಿದು ಕಚೇರಿ ಹುಡುಕುತ್ತಾ ಅವರು ಅತ್ತಿದ್ದು ನನಗಿನ್ನೂ ನೆನಪಿದೆ. ಅಂದಿನಿಂದ ಯಾರು ಕೇಳಿದರೂ ಕಡೇ ಪಕ್ಷ ಹತ್ತು ದಿನ ಮುಟ್ಟದೆ ಬಿಡಿ ಅನ್ನುತ್ತೇನೆ. ಮೊದಲೆಲ್ಲ ಪಾಸ್‌ಪೋರ್ಟ್‌ನ ಮುದ್ರೆ ನೋಡಿ ಅಧಿಕಾರಿ ಎಣಿಸುತ್ತಿದ್ದರು. 2025ರ ಅಕ್ಟೋಬರ್ 12ರಿಂದ ಮುಖದ ಫೋಟೋ, ಬೆರಳಚ್ಚು ತೆಗೆದು ಕಂಪ್ಯೂಟರ್‌ನಲ್ಲೇ ದಾಖಲಿಸುವ ವ್ಯವಸ್ಥೆ ಶುರುವಾಗಿದೆ. ಒಂದು ದಿನ ಹೆಚ್ಚಾದರೂ ಅದರಲ್ಲಿ ಕಾಣುತ್ತದೆ. ಡಿ ವೀಸಾ ಅರ್ಜಿ ಮುಂದಿರುವಾಗ ಅಂಥ ಕಪ್ಪುಚುಕ್ಕೆ ನಿಮ್ಮ ಹೆಸರಿಗೆ ಬೇಡವೇ ಬೇಡ.

ಗಡಿಯಲ್ಲಿ ಯಾಕೆ ಬಂದಿರಿ ಅಂತ ಕೇಳಿದರೆ ನಿಜ ಹೇಳಿ. ಗಂಡನನ್ನು ನೋಡಲು ಬಂದೆ, ನೆಲೆಸುವ ವೀಸಾಕ್ಕೆ ಬೇರೆ ಅರ್ಜಿ ಹಾಕಿದ್ದೇನೆ, ಈ ದಿನ ವಾಪಸ್ ಹೋಗುತ್ತೇನೆ ಅಂತ ಹೇಳಿ. ರಿಟರ್ನ್ ಟಿಕೆಟ್, ವಿಮೆಯ ಕಾಗದ, ಗಂಡನ ಪತ್ರ ಬ್ಯಾಗ್‌ನಲ್ಲಿ ಕೈಗೆ ಸಿಗುವಂತಿರಲಿ. ದಿನಾಂಕ ಬದಲಾಯಿಸಬಹುದಾದ ಟಿಕೆಟ್ಟೇ ತೆಗೆದುಕೊಳ್ಳಿ, ಸ್ವಲ್ಪ ದುಬಾರಿಯಾದರೂ. ಸಿ ವೀಸಾದಲ್ಲಿ ಅಲ್ಲಿ ಕೆಲಸ ಮಾಡುವಂತಿಲ್ಲ. ಇಲ್ಲಿ ನಿಮಗೆ ನೌಕರಿ ಇದ್ದರೆ ಡಿ ವೀಸಾ ಕೈಗೆ ಬರುವ ಮುಂಚೆ ರಾಜೀನಾಮೆ ಕೊಡಬೇಡಿ.

ಬ್ಲೂ ಕಾರ್ಡ್ ಇರುವವರ ಹೆಂಡತಿಗೆ ಜರ್ಮನ್ ಭಾಷೆಯ ಎ1 ಪರೀಕ್ಷೆ ಕಡ್ಡಾಯ ಅಲ್ಲ. ಆದರೂ ಈ ಕಾಯುವ ತಿಂಗಳುಗಳಲ್ಲಿ ಕಲಿಯಿರಿ. ಜರ್ಮನ್ನರಾದ ಕಿಟೆಲ್ ಅವರು ನಮ್ಮ ಭಾಷೆ ಕಲಿತು 1894ರಲ್ಲಿ ಅಷ್ಟು ದೊಡ್ಡ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಅವರ ಭಾಷೆಯನ್ನು ನಾವೂ ನಾಲ್ಕು ಮಾತು ಕಲಿಯೋಣ, ಅಲ್ವಾ? ಅಂಗಡಿ, ಆಸ್ಪತ್ರೆ, ಪಕ್ಕದ ಮನೆ, ಎಲ್ಲದಕ್ಕೂ ಬೇಕಾಗುತ್ತದೆ.

ಬೆಂಗಳೂರಿನ ದಿನಾಂಕ ಬಂದಾಗ ರಾತ್ರಿ ರೈಲಿಗೆ ಹೊರಟು ಬೆಳಿಗ್ಗೆ ಇಳಿದು ನೇರ ಹೋಗುವ ಸಾಹಸ ಬೇಡ. ರೈಲು ಎರಡು ತಾಸು ತಡವಾದರೆ ತಿಂಗಳುಗಟ್ಟಲೆ ಕಾದಿದ್ದು ಹೋಯಿತು. ಹಿಂದಿನ ದಿನವೇ ಹೋಗಿ ಉಳಿಯಿರಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮಗಳು ನೆದರ್‌ಲ್ಯಾಂಡ್ಸ್‌ನಲ್ಲಿದ್ದಾಳೆ. ಚೊಚ್ಚಲ ಹೆರಿಗೆ, ವೈದ್ಯರು ಅಕ್ಟೋಬರ್ 20 ಅಂದಿದ್ದಾರೆ. ಬಾಣಂತನಕ್ಕೆ ಐದು ತಿಂಗಳಾದರೂ ಇರಬೇಕು. ನನಗೆ ದೀರ್ಘಾವಧಿ ವೀಸಾ ಸಿಗುತ್ತದೆಯೇ? ಕಾಯುವುದೋ, ಚಿಕ್ಕ ವೀಸಾದಲ್ಲೇ ಹೋಗುವುದೋ?
(ಹೆಸರು ಬೇಡ, ಗದಗ)

ಉತ್ತರ: ಅಕ್ಕಾವ್ರೇ, ಬಾಣಂತನಕ್ಕೆಂದು ಅಲ್ಲಿ ದೀರ್ಘಾವಧಿ ವೀಸಾ ಇಲ್ಲ. ಅದಕ್ಕೆ ಕಾದರೆ ಮೊಮ್ಮಗು ಅಂಬೆಗಾಲಿಡುವ ಹೊತ್ತಾಗುತ್ತದೆ. ಚಿಕ್ಕ ವೀಸಾದಲ್ಲೇ ಹೋಗಿ. ಐದು ತಿಂಗಳನ್ನು ಬೀಗಿತಿಯ ಜೊತೆ ಹಂಚಿಕೊಳ್ಳಿ.

ಸೆಪ್ಟೆಂಬರ್‌ನಲ್ಲೇ ಹೋಗಿ ಕೂರಬೇಡಿ. ಕೂಸು ಹುಟ್ಟುವ ಮೊದಲೇ ಒಂದು ತಿಂಗಳು ಖರ್ಚಾಗುತ್ತದೆ. ಅಕ್ಟೋಬರ್ 8ಕ್ಕೆ ಇಳಿದರೆ ಕೂಸು ಸ್ವಲ್ಪ ಮುಂಚೆ ಬಂದರೂ ನೀವು ಅಲ್ಲಿರುತ್ತೀರಿ. ನಿಮ್ಮ 90ನೇ ದಿನ ಜನವರಿ 5. ವಾಪಸ್ ಟಿಕೆಟ್ ಡಿಸೆಂಬರ್ 26ರ ಸುಮಾರಿಗೆ ಇರಲಿ. ಬೀಗಿತಿ ಡಿಸೆಂಬರ್ 20ಕ್ಕೆ ಬಂದರೆ ಒಂದು ವಾರ ಇಬ್ಬರೂ ಜೊತೆಗಿರುತ್ತೀರಿ. ಕೂಸಿಗೆ ಎಣ್ಣೆ ಹಚ್ಚುವುದು, ಮಗಳ ಊಟದ ಪಥ್ಯ, ಎಲ್ಲ ಹೇಳಿಕೊಟ್ಟು ಬರಬಹುದು. ಹೆರಿಗೆಯಾದ ಮೊದಲ ವಾರ ಆ ದೇಶದಲ್ಲಿ ಬಾಣಂತಿಯನ್ನು ನೋಡಿಕೊಳ್ಳುವ ದಾದಿ ಮನೆಗೇ ಬರುತ್ತಾರೆ. ಕ್ರಾಮ್‌ಜೋರ್ಗ್ ಅಂತ ಅದರ ಹೆಸರು. ಮಗಳು ಅದಕ್ಕೆ ಮುಂಚೆಯೇ ಹೆಸರು ಬರೆಸಿರಬೇಕು, ಕೇಳಿ ನೋಡಿ. ಅವರ ಪದ್ಧತಿ ನಮ್ಮದಕ್ಕಿಂತ ಬೇರೆ ಇರುತ್ತದೆ. ಆ ವಾರ ಅವರ ಮಾತಿಗೂ ಜಾಗ ಕೊಡಿ.

ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಆಗುತ್ತದೆ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತದೆ. ಶುಲ್ಕ 90 ಯೂರೋ. ವಿಮೆ ಕನಿಷ್ಠ 30,000 ಯೂರೋದ್ದು ಬೇಕು. ಪಾಸ್‌ಪೋರ್ಟ್ ನೀವು ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಬೀಗಿತಿಯ ಅರ್ಜಿ ಬೇರೆ, ಅವರ ದಿನಾಂಕ ಬೇರೆ. ಇಬ್ಬರ ಪತ್ರದಲ್ಲೂ ಈ ಸರದಿಯ ವಿಷಯ ಬರೆಯಲು ಮಗಳಿಗೆ ಹೇಳಿ. ಬರೀ "ಮಗಳನ್ನು ನೋಡಲು" ಅಂತ ಬರೆದು 90 ದಿನ ಕೇಳಿದರೆ ಯಾಕಿಷ್ಟು ದಿನ ಅಂತ ಅನುಮಾನ ಬರುತ್ತದೆ. ಹೆರಿಗೆಯ ದಿನಾಂಕದ ವೈದ್ಯರ ಪತ್ರ ಜೊತೆಗಿಟ್ಟರೆ ಆ ಅನುಮಾನ ಹೋಗುತ್ತದೆ.

ನಿಮ್ಮ ಪಿಂಚಣಿಯ ಜೀವಂತ ಪ್ರಮಾಣಪತ್ರ ನವೆಂಬರ್‌ನಲ್ಲಿ ಕೊಡುವುದಾದರೆ ಆಗ ನೀವು ಅಲ್ಲಿರುತ್ತೀರಿ. ಅದಕ್ಕೇನು ಮಾಡಬೇಕು ಅಂತ ಹೊರಡುವ ಮೊದಲೇ ನಿಮ್ಮ ಬ್ಯಾಂಕ್‌ನಲ್ಲಿ ಕೇಳಿಕೊಂಡು ಹೋಗಿ.

ಪ್ರಶ್ನೆ: ಗಂಡನ ಹತ್ತಿರ ಹೋಗಲು ದೀರ್ಘಾವಧಿ ವೀಸಾಕ್ಕೆ ಕಾಗದ ಕೊಟ್ಟು ಎರಡು ತಿಂಗಳಾಯಿತು. ಪಾಸ್‌ಪೋರ್ಟ್ ತವರುಮನೆ ಹೆಸರಿನಲ್ಲಿದೆ. ಸುಮ್ಮನೆ ಕೂರುವ ಬದಲು ಈ ನಡುವೆ ಹೆಸರು ಬದಲಾಯಿಸಿಕೊಳ್ಳಲೇ?
(ಹೆಸರು ಬೇಡ, ಹಾವೇರಿ)

ಉತ್ತರ: ಈಗ ಮುಟ್ಟಬೇಡಿ, ತಂಗೀ. ಮದುವೆ ಆದ ಮೇಲೆ ಹೆಸರು ಬದಲಾಯಿಸಲೇಬೇಕು ಅಂತ ಯಾವ ಕಾನೂನೂ ಇಲ್ಲ. ಬದಲಾಯಿಸಿದರೆ ಹೊಸ ಪಾಸ್‌ಪೋರ್ಟ್, ಹೊಸ ನಂಬರ್ ಬರುತ್ತದೆ. ನಿಮ್ಮ ವೀಸಾ ಫೈಲಿನಲ್ಲಿರುವುದು ಹಳೆಯ ನಂಬರ್. ಎರಡೂ ತಾಳೆ ಆಗದೆ ಮತ್ತೆ ಪತ್ರ ಬರೆಯುತ್ತಾ, ಮತ್ತೆ ಕಾಯಬೇಕಾಗುತ್ತದೆ. ಮದುವೆ ನೋಂದಣಿ ಪತ್ರದಲ್ಲಿರುವ ನಿಮ್ಮ ಹೆಸರು ಪಾಸ್‌ಪೋರ್ಟ್‌ನಲ್ಲಿದ್ದಂತೆಯೇ ಇದೆಯಾ, ಒಂದು ಅಕ್ಷರವೂ ಹೆಚ್ಚು ಕಡಿಮೆ ಇಲ್ಲವಾ ಅಂತ ಇವತ್ತೇ ನೋಡಿಕೊಳ್ಳಿ. ಹೆಸರು ಬದಲಾಯಿಸುವ ಆಸೆ ನಿಜವಾಗಿ ಇದ್ದರೆ ಅಲ್ಲಿ ಹೋಗಿ ನೆಲೆಸಿದ ಮೇಲೆ ಆ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲಿ ಮಾಡಿಸಿಕೊಳ್ಳಬಹುದು.